ಬಾವಲಿಗಳ ಶಿಶಿರನಿದ್ರೆ ಮತ್ತು ಬಿಳಿಮೂಗಿನ ಶಿಲೀಂಧ್ರ ರೋಗ: ಗುಹೆ ಪ್ರವೇಶಕ್ಕೆ ಅನುಮತಿ ಕೋರುವವರ ಮಾಹಿತಿಗಾಗಿ

1. ಪೀಠಿಕೆ

ಅಧ್ಯಯನ, ಛಾಯಾಗ್ರಹಣ ಅಥವಾ ಪ್ರವಾಸದ ಉದ್ದೇಶದಿಂದ ಬಾವಲಿಗಳು ವಾಸಿಸುವ ಗುಹೆಗಳನ್ನು ಪ್ರವೇಶಿಸಲು ಅನುಮತಿ ಕೋರಿ ಸಾರ್ವಜನಿಕರು ಅರ್ಜಿ ಸಲ್ಲಿಸುತ್ತಾರೆ. ಪಾದರಕ್ಷೆಯನ್ನು ಏಕೆ ಶುಚಿಗೊಳಿಸಬೇಕು, ಬಾವಲಿಗಳು ಸುಮ್ಮನೆ ತೂಗಾಡುತ್ತಿರುವಾಗ ದೀಪ ಹಾಯಿಸಿದರೆ ತೊಂದರೆಯೇನು ಎಂಬ ಪ್ರಶ್ನೆಗಳು ಅರ್ಜಿದಾರರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗಳಿಗೆ ಉತ್ತರವು ಉತ್ತರ ಅಮೆರಿಕದಲ್ಲಿ 2006ರಿಂದೀಚೆಗೆ ಲಕ್ಷಾಂತರ ಬಾವಲಿಗಳನ್ನು ಬಲಿ ತೆಗೆದುಕೊಂಡ ಒಂದು ಶಿಲೀಂಧ್ರ ರೋಗದ ಇತಿಹಾಸದಲ್ಲಿ ದೊರೆಯುತ್ತದೆ.

ಈ ರೋಗಕ್ಕೆ ವೈಟ್ ನೋಸ್ ಸಿಂಡ್ರೋಮ್ ಎಂದು ಹೆಸರು. ಈ ಪುಟದಲ್ಲಿ ಇದನ್ನು ಬಿಳಿಮೂಗಿನ ರೋಗ ಎಂದು ಕರೆಯಲಾಗಿದೆ. ಈ ರೋಗವು ಬಾವಲಿಗಳನ್ನು ವಿಷದಿಂದ ಕೊಲ್ಲುವುದಿಲ್ಲ. ಅವುಗಳ ನಿದ್ರೆಯನ್ನು ಕೆಡಿಸಿ, ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬನ್ನು ಅಕಾಲದಲ್ಲಿ ಬರಿದುಮಾಡಿ ಕೊಲ್ಲುತ್ತದೆ. ಈ ಒಂದು ಅಂಶವನ್ನು ಮನಗಂಡರೆ ಗುಹೆ ಪ್ರವೇಶಕ್ಕೆ ಸಂಬಂಧಿಸಿದ ಬಹುತೇಕ ನಿರ್ಬಂಧಗಳ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ.

2. ಶಿಶಿರನಿದ್ರೆ ಎಂದರೇನು?

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗ ಹಾಗೂ ಕೆನಡಾದಲ್ಲಿ ಚಳಿಗಾಲವು ದೀರ್ಘವೂ ತೀವ್ರವೂ ಆಗಿರುತ್ತದೆ. ಅಕ್ಟೋಬರ್ ತಿಂಗಳಿನಿಂದ ಏಪ್ರಿಲ್‌ವರೆಗೆ ಹಾರುವ ಕೀಟಗಳು ದೊರೆಯುವುದಿಲ್ಲ. ಕೀಟಗಳನ್ನೇ ತಿಂದು ಬದುಕುವ ಬಾವಲಿಗಳಲ್ಲಿ ಕೆಲವು ಜಾತಿಗಳು ದಕ್ಷಿಣಕ್ಕೆ ವಲಸೆ ಹೋಗುತ್ತವೆ. ಉಳಿದವು ಗುಹೆಗಳನ್ನು ಮತ್ತು ಪಾಳುಬಿದ್ದ ಗಣಿ ಸುರಂಗಗಳನ್ನು ಸೇರಿ ಶಿಶಿರನಿದ್ರೆಗೆ ಜಾರುತ್ತವೆ.

ಇದು ಸಾಮಾನ್ಯ ನಿದ್ರೆಯಲ್ಲ. ನಿದ್ರೆಗೆ ಜಾರಿದ ಬಾವಲಿಯ ದೇಹದ ಉಷ್ಣತೆಯು ಗುಹೆಯ ಗಾಳಿಯ ಉಷ್ಣತೆಗೆ ಸಮೀಪದವರೆಗೆ ಇಳಿಯುತ್ತದೆ. ಹಾರಾಟದ ಸಮಯದಲ್ಲಿ ನಿಮಿಷಕ್ಕೆ ನೂರಾರು ಬಾರಿ ಮಿಡಿಯುವ ಹೃದಯವು ಈಗ ಕೆಲವೇ ಹತ್ತು ಬಾರಿ ಮಿಡಿಯುತ್ತದೆ. ಉಸಿರಾಟ ವಿರಳವಾಗುತ್ತದೆ. ರೋಗನಿರೋಧಕ ವ್ಯವಸ್ಥೆಯೂ ಬಹುಮಟ್ಟಿಗೆ ಸ್ಥಗಿತಗೊಳ್ಳುತ್ತದೆ. ಈ ಎಲ್ಲ ಉಳಿತಾಯದ ಉದ್ದೇಶ ಒಂದೇ: ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬು ವಸಂತದವರೆಗೆ ಸಾಕಾಗಬೇಕು.

ಆ ಸಂಗ್ರಹವು ಅತ್ಯಲ್ಪವಾದುದು. ಈ ಭಾಗದಲ್ಲಿ ಹಿಂದೆ ಅತಿ ಸಾಮಾನ್ಯವಾಗಿದ್ದ ಚಿಕ್ಕ ಕಂದು ಬಾವಲಿಯು ಶರತ್ಕಾಲದ ಕೊನೆಯಲ್ಲಿಯೂ ಸುಮಾರು 10 ಗ್ರಾಂ ತೂಗುತ್ತದೆ. ಅದರಲ್ಲಿ ಕೊಬ್ಬಿನ ಪಾಲು ಎರಡು ಗ್ರಾಂ ಆಸುಪಾಸು.

ಆರು ತಿಂಗಳ ಈ ನಿದ್ರೆ ಅಖಂಡವಾಗಿರುವುದಿಲ್ಲ ಎಂಬುದು ಗಮನಾರ್ಹ. ಆರೋಗ್ಯವಂತ ಬಾವಲಿಯು ಸರಾಸರಿ ಎರಡು ವಾರಗಳಿಗೊಮ್ಮೆ ಎಚ್ಚರಗೊಳ್ಳುತ್ತದೆ. ಆಗ ದೇಹವನ್ನು ಪೂರ್ಣವಾಗಿ ಬೆಚ್ಚಗಾಗಿಸಿಕೊಂಡು, ನೀರು ಕುಡಿದು ಅಥವಾ ಸ್ಥಳ ಬದಲಿಸಿ, ಕೆಲವು ಗಂಟೆಗಳೊಳಗೆ ಮತ್ತೆ ನಿದ್ರೆಗೆ ಮರಳುತ್ತದೆ. ಎಚ್ಚರದ ಅವಧಿ ಕಿರಿದಾದರೂ ವೆಚ್ಚ ಭಾರಿ. ಚಳಿಗಾಲದ ಒಟ್ಟು ಕೊಬ್ಬಿನಲ್ಲಿ ಶೇ. 80ಕ್ಕೂ ಹೆಚ್ಚಿನ ಭಾಗ ಈ ಕೆಲವೇ ಎಚ್ಚರಗಳಿಗೆ ವ್ಯಯವಾಗುತ್ತದೆ.

3. ರೋಗಕಾರಕ ಶಿಲೀಂಧ್ರ

ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು 2009ರಲ್ಲಿ ಜಿಯೋಮೈಸಿಸ್ ಡಿಸ್ಟ್ರಕ್ಟಾನ್ಸ್ ಎಂದು ಹೆಸರಿಸಲಾಯಿತು. 2013ರಲ್ಲಿ ವರ್ಗೀಕರಣವನ್ನು ಪರಿಷ್ಕರಿಸಿ ಸೂಡೋಜಿಮ್ನೋಆಸ್ಕಸ್ ಡಿಸ್ಟ್ರಕ್ಟಾನ್ಸ್ ಎಂದು ಬದಲಾಯಿಸಲಾಯಿತು. ಆರೋಗ್ಯವಂತ ಬಾವಲಿಗಳಿಗೆ ಈ ಶಿಲೀಂಧ್ರವನ್ನು ಸೋಂಕಿಸಿದಾಗ ಅದೇ ರೋಗ ಕಾಣಿಸಿಕೊಳ್ಳುತ್ತದೆ ಎಂಬುದು 2011ರಲ್ಲಿ ಪ್ರಯೋಗದಿಂದ ದೃಢಪಟ್ಟಿತು.

ಇದು ತಣ್ಣನೆಯ ವಾತಾವರಣವನ್ನು ಬಯಸುವ ಶಿಲೀಂಧ್ರ. ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಸುಮಾರು 20 ಡಿಗ್ರಿ ಮೀರಿದರೆ ಬೆಳೆಯುವುದಿಲ್ಲ. ಎಚ್ಚರವಾಗಿರುವ ಬಾವಲಿಯ ಬೆಚ್ಚನೆಯ ಮೈಯಲ್ಲಿ ಇದಕ್ಕೆ ನೆಲೆಯಿಲ್ಲ. ನಿದ್ರಿಸುತ್ತಿರುವ ಬಾವಲಿಯ ಮೈ ಮಾತ್ರ ತಣ್ಣಗೆ, ತೇವವಾಗಿ, ಪ್ರತಿರೋಧವಿಲ್ಲದೆ ದೊರೆಯುತ್ತದೆ. ಬಾವಲಿಯು ಬದುಕುಳಿಯಲು ಕಂಡುಕೊಂಡ ಉಪಾಯವೇ ಶಿಲೀಂಧ್ರಕ್ಕೆ ಅವಕಾಶವಾಗಿದೆ. ಮೂತಿ, ಕಿವಿ ಹಾಗೂ ರೆಕ್ಕೆಗಳ ಮೇಲೆ ಬಿಳಿ ಬೂಷ್ಟು ಹಿಡಿದಂತೆ ಕಾಣುವುದರಿಂದ ರೋಗಕ್ಕೆ ಈ ಹೆಸರು ಬಂದಿದೆ.

ಬಾವಲಿಗಳು ಇಲ್ಲದಿದ್ದರೂ ಶಿಲೀಂಧ್ರದ ಬೀಜಕಣಗಳು ಗುಹೆಯ ಮಣ್ಣಿನಲ್ಲಿ ಮತ್ತು ಗೋಡೆಗಳ ಮೇಲೆ ವರ್ಷಗಟ್ಟಲೆ ಜೀವಂತವಾಗಿರಬಲ್ಲವು. ಆದುದರಿಂದ ಒಮ್ಮೆ ಸೋಂಕು ತಗುಲಿದ ಗುಹೆಯನ್ನು ಶುದ್ಧಗೊಳಿಸುವುದು ಅತ್ಯಂತ ಕಷ್ಟ.

4. ರೋಗವು ನಿದ್ರೆಯನ್ನು ಕೆಡಿಸುವ ಬಗೆ

ಹೊರಗೆ ಕಾಣುವ ಬಿಳಿ ಮೂಗಿಗಿಂತ ರೆಕ್ಕೆಗೆ ಆಗುವ ಹಾನಿ ಹೆಚ್ಚು ಅಪಾಯಕಾರಿ. ಬಾವಲಿಯ ಚರ್ಮದ ಬಹುಭಾಗ ರೆಕ್ಕೆಯ ಪೊರೆಯಲ್ಲಿದೆ. ದೇಹದ ನೀರಿನ ಹಾಗೂ ಅನಿಲಗಳ ಸಮತೋಲನವನ್ನು ಕಾಪಾಡುವುದರಲ್ಲಿ ಈ ಪೊರೆಗೆ ಪ್ರಮುಖ ಪಾತ್ರವಿದೆ. ಶಿಲೀಂಧ್ರದ ಎಳೆಗಳು ಮೇಲ್ಚರ್ಮವನ್ನು ಕೊರೆದು ಒಳಗಿಳಿಯುತ್ತವೆ. ಇದರ ಪರಿಣಾಮಗಳು ಈ ಕೆಳಕಂಡಂತಿವೆ:

(ಅ) ಹಾನಿಗೊಂಡ ಪೊರೆಯ ಮೂಲಕ ದೇಹದ ನೀರು ಹಾಗೂ ಲವಣಾಂಶಗಳು ನಷ್ಟವಾಗುತ್ತವೆ.
(ಆ) ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಆಮ್ಲೀಯತೆ ಏರುತ್ತದೆ; ಪೊಟ್ಯಾಸಿಯಂ ಪ್ರಮಾಣವೂ ಏರುತ್ತದೆ.
(ಇ) ಈ ಏರುಪೇರನ್ನು ಸರಿಪಡಿಸಿಕೊಳ್ಳಲು ಬಾವಲಿಯು ಪದೇ ಪದೇ ಎಚ್ಚರಗೊಳ್ಳುತ್ತದೆ.
(ಈ) ಪ್ರತಿ ಎಚ್ಚರಕ್ಕೂ ಕೊಬ್ಬು ವ್ಯಯವಾಗುತ್ತದೆ. ಹೊರಗೆ ಆಹಾರವಿಲ್ಲದ ಕಾರಣ ಅದನ್ನು ಮರಳಿ ತುಂಬಿಕೊಳ್ಳಲು ಸಾಧ್ಯವಾಗುವುದಿಲ್ಲ.

2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೆಕ್ಕೆಗೆ ತೀವ್ರ ಹಾನಿಯಾಗುವ ಮೊದಲೇ ಸೋಂಕಿತ ಬಾವಲಿಗಳು ಆರೋಗ್ಯವಂತ ಬಾವಲಿಗಳಿಗಿಂತ ಸುಮಾರು ಎರಡು ಪಟ್ಟು ಶಕ್ತಿಯನ್ನು ವ್ಯಯಿಸುತ್ತಿದ್ದುದು ಕಂಡುಬಂದಿತು. ನೈಸರ್ಗಿಕ ಗುಹೆಗಳಲ್ಲಿನ ಚಿಕ್ಕ ಕಂದು ಬಾವಲಿಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸೋಂಕಿಲ್ಲದ ಬಾವಲಿಗಳು ಸುಮಾರು 16 ದಿನಗಳಿಗೊಮ್ಮೆ ಎಚ್ಚರಗೊಂಡರೆ, ರೋಗದಿಂದ ಸತ್ತ ಬಾವಲಿಗಳು ಸುಮಾರು 8 ದಿನಗಳಿಗೊಮ್ಮೆ ಎಚ್ಚರಗೊಂಡಿದ್ದವು.

ಈ ವ್ಯತ್ಯಾಸದ ಪರಿಣಾಮವನ್ನು ತಿಳಿಯಲು ಒಂದು ಸರಳ ಲೆಕ್ಕವನ್ನು ನೋಡಬಹುದು. ಚಳಿಗಾಲದ ಅವಧಿ 180 ದಿನಗಳೆಂದೂ, ಕೂಡಿಟ್ಟ ಕೊಬ್ಬು 100 ಪಾಲೆಂದೂ ಇಟ್ಟುಕೊಳ್ಳೋಣ.

ಆರೋಗ್ಯವಂತ ಬಾವಲಿ: 15 ದಿನಗಳಿಗೊಮ್ಮೆ ಎಚ್ಚರ; ಒಟ್ಟು 12 ಎಚ್ಚರಗಳಿಗೆ 80 ಪಾಲು; ನಿದ್ರೆಯ ಅವಧಿಗೆ 20 ಪಾಲು; ಒಟ್ಟು ವೆಚ್ಚ 100 ಪಾಲು. ಸಂಗ್ರಹವು 180ನೆಯ ದಿನದವರೆಗೆ ಸಾಕಾಗುತ್ತದೆ.

ಸೋಂಕಿತ ಬಾವಲಿ: ಏಳೆಂಟು ದಿನಗಳಿಗೊಮ್ಮೆ ಎಚ್ಚರ, ಒಟ್ಟು 24 ಎಚ್ಚರಗಳಿಗೆ 160 ಪಾಲು, ನಿದ್ರೆಯ ಅವಧಿಗೆ 20 ಪಾಲು, ಒಟ್ಟು ಅಗತ್ಯ 180 ಪಾಲು. ಇರುವುದು 100 ಪಾಲು ಮಾತ್ರವಾದುದರಿಂದ ಸಂಗ್ರಹವು ಸುಮಾರು 100ನೆಯ ದಿನಕ್ಕೆ ಬರಿದಾಗುತ್ತದೆ.

ಅಕ್ಟೋಬರ್ ಮಧ್ಯಭಾಗದಲ್ಲಿ ನಿದ್ರೆಗೆ ಜಾರಿದ ಬಾವಲಿಗೆ 100ನೆಯ ದಿನ ಬರುವುದು ಜನವರಿ ತಿಂಗಳ ಕೊನೆಯ ವಾರದಲ್ಲಿ. ಆಗ ಹೊರಗೆ ಹಿಮ ಕವಿದಿರುತ್ತದೆ. ಕೀಟಗಳು ಬರಲು ಇನ್ನೂ ಎರಡು ತಿಂಗಳಿಗಿಂತ ಹೆಚ್ಚು ಕಾಲವಿರುತ್ತದೆ. ಹಸಿದ ಬಾವಲಿಗಳು ಗುಹೆಯ ಬಾಯಿಯ ಬಳಿ ಗುಂಪುಗೂಡುವುದು, ಚಳಿಗಾಲದ ಹಾಡುಹಗಲಿನಲ್ಲಿ ಹೊರಗೆ ಹಾರಿ ಹಿಮದ ಮೇಲೆ ಸತ್ತುಬೀಳುವುದು ಈ ರೋಗದ ಗುರುತುಗಳೆನಿಸಿವೆ. ಮೇಲಿನ ಲೆಕ್ಕವು ತಿಳಿವಳಿಕೆಗಾಗಿ ಮಾಡಿದ ಸ್ಥೂಲ ಲೆಕ್ಕವಾಗಿದ್ದು, ಪ್ರತಿ ಬಾವಲಿಗೂ ಯಥಾವತ್ತಾಗಿ ಅನ್ವಯಿಸುವುದಿಲ್ಲ.

ವಸಂತದವರೆಗೆ ಬದುಕುಳಿದ ಬಾವಲಿಗಳು ದೇಹ ಬೆಚ್ಚಗಾಗುತ್ತಿದ್ದಂತೆ ಶಿಲೀಂಧ್ರವನ್ನು ಕಳೆದುಕೊಳ್ಳಬಲ್ಲವು. ರೆಕ್ಕೆಯ ಗಾಯಗಳೂ ಮಾಯಬಲ್ಲವು. ಆದರೆ ಎಚ್ಚೆತ್ತ ರೋಗನಿರೋಧಕ ವ್ಯವಸ್ಥೆಯು ಒಮ್ಮೆಲೇ ತೀವ್ರವಾಗಿ ಪ್ರತಿಕ್ರಿಯಿಸಿ, ಉರಿಯೂತದಿಂದ ರೆಕ್ಕೆಗೆ ಮತ್ತಷ್ಟು ಹಾನಿಯಾಗುವ ಪ್ರಕರಣಗಳೂ ಇವೆ.

5. ರೋಗ ಹರಡಿದ ಕ್ರಮ

2006: ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಪಶ್ಚಿಮಕ್ಕಿರುವ ಹೋವ್ಸ್ ಗುಹೆಯಲ್ಲಿ ಫೆಬ್ರವರಿ ತಿಂಗಳಿನಲ್ಲಿ ಗುಹಾನ್ವೇಷಕರೊಬ್ಬರು ತೆಗೆದ ಛಾಯಾಚಿತ್ರದಲ್ಲಿ ಮೂತಿಗೆ ಬಿಳಿ ಬೂಷ್ಟು ಹತ್ತಿದ ಬಾವಲಿಗಳು ಕಂಡುಬಂದವು. ಇದೇ ಮೊದಲ ದಾಖಲೆ.

2007: ಆ ಚಳಿಗಾಲದಲ್ಲಿ ಅದೇ ಭಾಗದ ಹಲವು ಗುಹೆಗಳಲ್ಲಿ ಸಾಮೂಹಿಕ ಸಾವುಗಳು ವರದಿಯಾದವು.

2010: ಕೆನಡಾದ ಒಂಟಾರಿಯೊ ಹಾಗೂ ಕ್ವಿಬೆಕ್ ಪ್ರಾಂತ್ಯಗಳಲ್ಲಿ ರೋಗ ದೃಢಪಟ್ಟಿತು.

2012: ಅಲ್ಲಿಯವರೆಗೆ 57 ಲಕ್ಷದಿಂದ 67 ಲಕ್ಷ ಬಾವಲಿಗಳು ಸತ್ತಿರಬಹುದೆಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಸಂಸ್ಥೆ ಅಂದಾಜಿಸಿತು.

2013: ಕೆಂಟಕಿ ರಾಜ್ಯದ ಪ್ರಸಿದ್ಧ ಮ್ಯಾಮತ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿ ರೋಗ ದೃಢಪಟ್ಟಿತು.

2016: ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ ರೋಗ ಕಾಣಿಸಿಕೊಂಡಿತು. ಅದಕ್ಕೆ ಮೊದಲು ತಿಳಿದಿದ್ದ ಸೋಂಕಿನ ಗಡಿಯಿಂದ ಇದು ಸುಮಾರು 2,000 ಕಿ.ಮೀ. ದೂರದಲ್ಲಿದೆ.

ಬಾವಲಿಯಿಂದ ಬಾವಲಿಗೆ ಸ್ಪರ್ಶದ ಮೂಲಕವೂ, ಗುಹೆಯ ಮೇಲ್ಮೈಯಿಂದಲೂ ಸೋಂಕು ಹರಡುತ್ತದೆ. ಮನುಷ್ಯರ ಬೂಟು, ಬಟ್ಟೆ, ಹಗ್ಗ ಹಾಗೂ ಚೀಲಗಳಿಗೆ ಅಂಟಿದ ಬೀಜಕಣಗಳು ದೂರದ ಗುಹೆಗಳಿಗೆ ಸಾಗಬಲ್ಲವು.

6. ಯೂರೋಪು ಮತ್ತು ಏಷ್ಯಾ ಖಂಡಗಳ ಸ್ಥಿತಿ

ಇದೇ ಶಿಲೀಂಧ್ರವು 2009ರಲ್ಲಿ ಫ್ರಾನ್ಸ್‌ನ ಬಾವಲಿಯೊಂದರ ಮೇಲೆ ಪತ್ತೆಯಾಯಿತು. ಆನಂತರ ಯೂರೋಪಿನ ಅನೇಕ ದೇಶಗಳಲ್ಲಿಯೂ ಚೀನಾದಲ್ಲಿಯೂ ಕಂಡುಬಂದಿತು. ಆದರೆ ಅಲ್ಲಿ ಸಾಮೂಹಿಕ ಸಾವುಗಳು ಸಂಭವಿಸಿಲ್ಲ. ಆ ಖಂಡಗಳ ಬಾವಲಿಗಳು ದೀರ್ಘಕಾಲದಿಂದ ಈ ಶಿಲೀಂಧ್ರದೊಡನೆ ಬಾಳಿಬಂದಿವೆ. ಉತ್ತರ ಅಮೆರಿಕದ ಬಾವಲಿಗಳಿಗೆ ಇದು ಹೊಸತು. ಶಿಲೀಂಧ್ರದಲ್ಲಿ ಎರಡು ಪ್ರತ್ಯೇಕ ಪ್ರಭೇದಗಳಿವೆಯೆಂದೂ, ಅವುಗಳಲ್ಲಿ ಒಂದು ಮಾತ್ರ ಉಕ್ರೇನ್ ದೇಶದ ಗುಹಾ ಪ್ರದೇಶದಿಂದ ಉತ್ತರ ಅಮೆರಿಕವನ್ನು ತಲಪಿದೆಯೆಂದೂ 2025ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಎರಡನೆಯ ಪ್ರಭೇದವೂ ಅಲ್ಲಿಗೆ ತಲಪದಂತೆ ತಡೆಯುವುದು ಇನ್ನೂ ಮನುಷ್ಯರ ಕೈಯಲ್ಲಿದೆ.

7. ನಷ್ಟದ ಪ್ರಮಾಣ

ಚಿಕ್ಕ ಕಂದು ಬಾವಲಿ, ಉತ್ತರದ ಉದ್ದಕಿವಿ ಬಾವಲಿ ಹಾಗೂ ತ್ರಿವರ್ಣ ಬಾವಲಿ ಈ ಮೂರು ಜಾತಿಗಳ ಸಂಖ್ಯೆಯು ಸೋಂಕಿತ ಪ್ರದೇಶಗಳಲ್ಲಿ ಹತ್ತು ವರ್ಷಗಳೊಳಗೆ ಶೇ. 90ಕ್ಕಿಂತ ಹೆಚ್ಚು ಕುಸಿದಿದೆ ಎಂದು 2021ರ ಅಧ್ಯಯನವೊಂದು ತಿಳಿಸುತ್ತದೆ. ಈ ಮೂರೂ ಜಾತಿಗಳನ್ನು ಕೆನಡಾ ಸರ್ಕಾರವು 2014ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಉದ್ದಕಿವಿ ಬಾವಲಿಯನ್ನು ಅಮೆರಿಕವು 2015ರಲ್ಲಿ ಅಪಾಯಕ್ಕೊಳಗಾದ ಜಾತಿಯೆಂದು ಘೋಷಿಸಿ, 2023ರಿಂದ ಜಾರಿಗೆ ಬರುವಂತೆ ಅಳಿವಿನಂಚಿನ ಜಾತಿಯ ದರ್ಜೆಗೆ ಏರಿಸಿತು. ಈ ಜಾತಿಗಳ ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೆರಡು ಮರಿಗಳನ್ನಷ್ಟೇ ಹಾಕುವುದರಿಂದ ಕುಸಿದ ಸಂಖ್ಯೆಯು ಚೇತರಿಸಿಕೊಳ್ಳಲು ಹಲವು ದಶಕಗಳು ಬೇಕಾಗುತ್ತವೆ.

ನಷ್ಟವು ಬಾವಲಿಗಳಿಗಷ್ಟೇ ಸೀಮಿತವಲ್ಲ. ಬೆಳೆಗೆ ಹಾನಿ ಮಾಡುವ ಕೀಟಗಳನ್ನು ತಿನ್ನುವ ಮೂಲಕ ಬಾವಲಿಗಳು ಅಮೆರಿಕದ ಕೃಷಿಗೆ ಒದಗಿಸುವ ಸೇವೆಯ ಮೌಲ್ಯವನ್ನು 2011ರಲ್ಲಿ ವರ್ಷಕ್ಕೆ ಸುಮಾರು 2,290 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. 2024ರಲ್ಲಿ ಪ್ರಕಟವಾದ ಅಧ್ಯಯನದಂತೆ, ರೋಗದಿಂದ ಬಾವಲಿಗಳು ನಾಶವಾದ ಕೌಂಟಿಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ಶೇ. 31ರಷ್ಟು ಹೆಚ್ಚಿಸಿದರು, ಅದೇ ಕೌಂಟಿಗಳಲ್ಲಿ ಶಿಶುಮರಣ ಪ್ರಮಾಣವು ಸುಮಾರು ಶೇ. 8ರಷ್ಟು ಏರಿತು. ಬಾವಲಿಯು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಮನುಷ್ಯರು ತೆತ್ತ ಬೆಲೆ ಇದು.

8. ಕೈಗೊಳ್ಳಲಾದ ಕ್ರಮಗಳು

ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಸಂಸ್ಥೆಯು 2009ರಲ್ಲಿ, ಸೋಂಕಿತ ರಾಜ್ಯಗಳ ಗುಹೆಗಳಿಗೆ ಹೋಗದಿರುವಂತೆ ಸಾರ್ವಜನಿಕರನ್ನು ಕೋರಿತು. ಹಲವು ಗುಹೆಗಳ ಬಾಯಿಗೆ ಬಾವಲಿಗಳು ಹಾರಿಹೋಗಬಲ್ಲ, ಮನುಷ್ಯರು ನುಸುಳಲಾಗದ ಕಂಬಿಗಳನ್ನು ಅಳವಡಿಸಲಾಯಿತು. ಮ್ಯಾಮತ್ ಕೇವ್‌ನಲ್ಲಿ ಪ್ರವಾಸಿಗರು ಹೊರಬರುವಾಗ ಪಾದರಕ್ಷೆ ಶುಚಿಗೊಳಿಸುವ ಹಾಸುಗಳ ಮೇಲೆ ನಡೆಯಬೇಕಾಗುತ್ತದೆ. ಟೆನೆಸಿ ರಾಜ್ಯದಲ್ಲಿ ಬೇಸಿಗೆಯಲ್ಲಿ ತೊಳೆದು ಶುದ್ಧಗೊಳಿಸಬಹುದಾದ ಕೃತಕ ಗುಹೆಯನ್ನು 2012ರಲ್ಲಿ ನಿರ್ಮಿಸಲಾಯಿತು. ಲಸಿಕೆ ಹಾಗೂ ಅತಿನೇರಳೆ ಬೆಳಕಿನ ಪ್ರಯೋಗಗಳೂ ನಡೆದಿವೆ.

ಆಶಾದಾಯಕವಾದ ಒಂದು ಅಂಶವೂ ಇದೆ. ಈಶಾನ್ಯ ರಾಜ್ಯಗಳ ಕೆಲವು ಗುಹೆಗಳಲ್ಲಿ ಅಳಿದುಳಿದ ಚಿಕ್ಕ ಕಂದು ಬಾವಲಿಗಳ ಸಂಖ್ಯೆ ಸ್ಥಿರವಾಗುತ್ತಿದೆ. ಇವು ಚಳಿಗಾಲದ ಆರಂಭದಲ್ಲಿ ಹಿಂದಿನ ಬಾವಲಿಗಳಿಗಿಂತ ಹೆಚ್ಚು ಕೊಬ್ಬನ್ನು ಹೊಂದಿರುವುದನ್ನು 2019ರ ಅಧ್ಯಯನವೊಂದು ಗುರುತಿಸಿದೆ. ಸಂಗ್ರಹ ಹೆಚ್ಚಿದ್ದವು ಉಳಿದಿವೆ. ಇಂತಹ ಬಾವಲಿಗಳನ್ನು ಚಳಿಗಾಲದಲ್ಲಿ ಒಮ್ಮೆ ಎಬ್ಬಿಸಿದರೂ ಆ ಅಲ್ಪ ಉಳಿತಾಯವೇ ಕರಗುತ್ತದೆ.

9. ಕರ್ನಾಟಕಕ್ಕೆ ಇದರ ಅನ್ವಯ

ಗುಹೆಯ ಒಳಗಿನ ಉಷ್ಣತೆಯು ಆ ಸ್ಥಳದ ವಾರ್ಷಿಕ ಸರಾಸರಿ ಉಷ್ಣತೆಗೆ ಸಮೀಪವಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದು 20 ಡಿಗ್ರಿಗಿಂತ ಹೆಚ್ಚು. ಇಲ್ಲಿ ಬಾವಲಿಗಳು ತಿಂಗಳುಗಟ್ಟಲೆ ಶಿಶಿರನಿದ್ರೆ ಮಾಡುವುದಿಲ್ಲ. ಆದುದರಿಂದ ಈ ರೋಗದ ಬಗ್ಗೆ ಸಾರ್ವಜನಿಕರು ಭಯಪಡಬೇಕಾದ ಕಾರಣವಿಲ್ಲ. ಆದರೆ ಎರಡು ವಿಷಯಗಳು ನಮಗೂ ಅನ್ವಯಿಸುತ್ತವೆ.

ಮೊದಲನೆಯದು, ಪ್ರಯಾಣ. ಅಮೆರಿಕ ಹಾಗೂ ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರೂ, ಅವರನ್ನು ನೋಡಲು ಹೋಗುವ ಬಂಧುಗಳೂ ಅಲ್ಲಿನ ಗುಹೆಗಳಿಗೆ ಭೇಟಿ ನೀಡುತ್ತಾರೆ. ಅಲ್ಲಿ ತೊಟ್ಟ ಅದೇ ಬೂಟಿನಲ್ಲಿ ಹಿಮಾಲಯದ ತಣ್ಣನೆಯ ಗುಹೆಗಳಿಗೆ ಹೋಗುವುದು ವಿಹಿತವಲ್ಲ.

ಎರಡನೆಯದು, ಶಾಂತಿಭಂಗ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ವಾಸಿಸುತ್ತದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜಾತಿಯ ಬಾವಲಿಗಳ ಸಂಖ್ಯೆ ಕೆಲವು ನೂರನ್ನು ಮೀರದು. ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗುರುತಿಸಲಾಗಿದೆ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯದ ಬಾರಾಪೇಡೆ ಗುಹೆಯು ರಾಟನ್ ಮುಕ್ತಬಾಲ ಬಾವಲಿಯ ನೆಲೆ. ನ್ಯೂಯಾರ್ಕಿನಲ್ಲಿ ಒಂದು ಗುಹೆ ಬರಿದಾದರೂ ಅದೇ ಜಾತಿ ಬೇರೆಡೆ ಉಳಿದಿತ್ತು. ಕೋಲಾರದ ಬಾವಲಿಗೆ ಅಂತಹ ಬೇರೆಡೆ ಇಲ್ಲ.

10. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳೊಳಗೆ ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ ಅಥವಾ ಪ್ರವಾಸಕ್ಕಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 28ರಡಿ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಅನುಮತಿ ಪಡೆಯತಕ್ಕದ್ದು. ಅನುಮತಿಯು ಷರತ್ತುಗಳಿಗೆ ಒಳಪಟ್ಟಿರುತ್ತದೆ.
(2) ಅರ್ಜಿಯಲ್ಲಿ ಭೇಟಿಯ ಉದ್ದೇಶ, ದಿನಾಂಕ, ತಂಡದ ಸದಸ್ಯರ ಸಂಖ್ಯೆ ಹಾಗೂ ಕೊಂಡೊಯ್ಯುವ ಉಪಕರಣಗಳನ್ನು ಸ್ಪಷ್ಟವಾಗಿ ನಮೂದಿಸುವುದು.
(3) ಬಾವಲಿಗಳನ್ನು ಹಿಡಿದು ಪರೀಕ್ಷಿಸುವ ಸಂಶೋಧನೆಗೆ ಪ್ರವೇಶದ ಅನುಮತಿಯೊಂದೇ ಸಾಲದು. ಪ್ರತ್ಯೇಕ ಅನುಮತಿ ಅಗತ್ಯ.
(4) ಕಳೆದ ವರ್ಷಗಳಲ್ಲಿ ಉತ್ತರ ಅಮೆರಿಕ, ಯೂರೋಪು ಅಥವಾ ಚೀನಾದ ಗುಹೆಗಳಿಗೆ ಭೇಟಿ ನೀಡಿದ್ದಲ್ಲಿ ಅಲ್ಲಿ ಬಳಸಿದ ಬೂಟು, ಬಟ್ಟೆ, ಹಗ್ಗಗಳನ್ನು ಇಲ್ಲಿ ಬಳಸದಿರುವುದು ಉತ್ತಮ.
(5) ಒಂದು ಗುಹೆಯಿಂದ ಮತ್ತೊಂದಕ್ಕೆ ಹೋಗುವ ಮುನ್ನ ಉಪಕರಣಗಳ ಮಣ್ಣನ್ನು ಉಜ್ಜಿ ತೆಗೆದು, ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡುವುದು. ಅಮೆರಿಕದಲ್ಲಿ ಈ ಶಿಲೀಂಧ್ರಕ್ಕೆ ನಿಗದಿಪಡಿಸಿರುವ ವಿಧಾನ ಇದೇ ಆಗಿದೆ.
(6) ಗುಹೆಯೊಳಗೆ ಪಂಜು, ಹೊಗೆ, ಪಟಾಕಿ, ಗದ್ದಲ ಸಲ್ಲದು. ಬಾವಲಿಗಳ ಮೇಲೆ ನೇರವಾಗಿ ದೀಪ ಅಥವಾ ಕ್ಯಾಮೆರಾ ಫ್ಲ್ಯಾಶ್ ಹಾಯಿಸಬಾರದು.
(7) ಮರಿಗಳಿರುವ ಕಾಲದಲ್ಲಿ ಭೇಟಿಯನ್ನು ಮುಂದೂಡುವುದು. ಬೆದರಿದ ತಾಯಿ ಹಾರಿದಾಗ ಮರಿಗಳು ಕೆಳಗೆ ಬೀಳುತ್ತವೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ರೋಗ ಮನುಷ್ಯರಿಗೆ ಹರಡುತ್ತದೆಯೆ?
ಉತ್ತರ: ಇಲ್ಲ. ಮನುಷ್ಯರ ದೇಹದ ಉಷ್ಣತೆಯಲ್ಲಿ ಈ ಶಿಲೀಂಧ್ರ ಬೆಳೆಯಲಾರದು. ಆದರೆ ಬಾವಲಿಗಳಿಂದ ಬೇರೆ ರೋಗಗಳು ತಗುಲಬಹುದಾದುದರಿಂದ ಸತ್ತ ಅಥವಾ ಜೀವಂತ ಬಾವಲಿಗಳನ್ನು ಬರಿಗೈಯಿಂದ ಮುಟ್ಟಬಾರದು.

ಪ್ರಶ್ನೆ: ಸತ್ತ ಬಾವಲಿಗಳು ಗುಂಪಾಗಿ ಕಂಡುಬಂದರೆ ಏನು ಮಾಡಬೇಕು?
ಉತ್ತರ: ಅವುಗಳನ್ನು ಸ್ಥಳಾಂತರಿಸದೆ, ಸ್ಥಳ ಹಾಗೂ ದಿನಾಂಕವನ್ನು ಬರೆದಿಟ್ಟುಕೊಂಡು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು.

ಪ್ರಶ್ನೆ: ಬಾವಲಿಗಳು ಕಾನೂನಿನ ಪ್ರಕಾರ ಪೀಡಕ ಪ್ರಾಣಿಗಳಲ್ಲವೆ?
ಉತ್ತರ: ಹಣ್ಣು ತಿನ್ನುವ ಬಾವಲಿಗಳು ಹಿಂದೆ ಅಧಿನಿಯಮದ ಐದನೆಯ ಅನುಸೂಚಿಯಲ್ಲಿ ಪೀಡಕ ಪ್ರಾಣಿಗಳೆಂದು ಸೇರಿದ್ದವು. 2022ರ ತಿದ್ದುಪಡಿಯಿಂದ ಆ ಅನುಸೂಚಿಯನ್ನೇ ಕೈಬಿಡಲಾಗಿದೆ.

ಪ್ರಶ್ನೆ: ಒಮ್ಮೆ ಹೋಗಿಬಂದರೆ ಬಾವಲಿಗಳಿಗೆ ಅಷ್ಟೊಂದು ತೊಂದರೆಯೆ?
ಉತ್ತರ: ಶಿಶಿರನಿದ್ರೆಯ ಗುಹೆಯಲ್ಲಿ ಒಂದು ಎಚ್ಚರದ ವೆಚ್ಚವನ್ನು ಮೇಲಿನ 4ನೆಯ ಭಾಗದಲ್ಲಿ ನೋಡಬಹುದು. ಅರ್ಜಿದಾರರು ತಮ್ಮದು ಒಂದೇ ಭೇಟಿ ಎಂದು ಭಾವಿಸುತ್ತಾರೆ. ಆದರೆ ಗುಹೆಯಲ್ಲಿರುವ ಬಾವಲಿಗಳಿಗೆ ಎಲ್ಲ ಅರ್ಜಿದಾರರ ಭೇಟಿಗಳೂ ಒಟ್ಟುಗೂಡುತ್ತವೆ.

ಅನುಮತಿಯ ಷರತ್ತುಗಳನ್ನು ಕೇವಲ ವಿಧಿಯೆಂದು ಭಾವಿಸದೆ, ಅವುಗಳ ಹಿಂದಿನ ಕಾರಣವನ್ನು ಅರಿತು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.